ಹಳೆಯ ಕಂಪ್ಯೂಟರಿನ ವೇಗ ಹೆಚ್ಚಿಸುವುದು: ಪಾಠವಾಗಿ ಇರಲಿ, ಉಪಾಯವಾಗಿ ಬೇಡ

ಕಳೆದ ಸಾಲಿನ ಅಭ್ಯಾಸ ಬೋಧನೆಯ ಅವಧಿಯಲ್ಲಿ ನಾನು ವೀಕ್ಷಿಸಿದ ಪಾಠವೊಂದಕ್ಕೆ ಕೊಟ್ಟ ಅಂಕದ ಬಗ್ಗೆ ನನಗೆ ಇಂದಿಗೂ ಸಮಾಧಾನವಿಲ್ಲ. ಹತ್ತನೆಯ ತರಗತಿ, ವಿಜ್ಞಾನ, ವಿದ್ಯುತ್ ಪ್ರವಾಹದ ಉಷ್ಣೋತ್ಪನ್ನ ಪರಿಣಾಮ. ನಿಕ್ರೋಮ್ ತಂತಿ, ಇಸ್ತ್ರಿಪೆಟ್ಟಿಗೆಯ ಚಿತ್ರ, ಜೂಲನ ನಿಯಮದ ಚಾರ್ಟು ಇವುಗಳನ್ನು ನಿರೀಕ್ಷಿಸಿ ಹಿಂದಿನ ಬೆಂಚಿನಲ್ಲಿ ಕುಳಿತಿದ್ದೆ. ಪ್ರಶಿಕ್ಷಣಾರ್ಥಿ ಬೋಧನೋಪಕರಣವಾಗಿ ತಂದಿದ್ದದ್ದು ತನ್ನ ಮನೆಯ ಹಳೆಯ ಡೆಸ್ಕ್‌ಟಾಪ್ ಕಂಪ್ಯೂಟರ್.

ಅದರೊಳಗೆ ಇದ್ದದ್ದು ಇಂಟೆಲ್ ಕೋರ್ 2 ಡ್ಯುಯೊ ಇ4300 ಎಂಬ ಪ್ರೊಸೆಸರ್. 2007ರ ಆರಂಭದಲ್ಲಿ ಮಾರುಕಟ್ಟೆಗೆ ಬಂದದ್ದು; ತಯಾರಕರು ನಿಗದಿಮಾಡಿದ ವೇಗ 1.8 ಗಿಗಾಹರ್ಟ್ಸ್. ಆಕೆ ಮೊದಲು ಆ ವೇಗದಲ್ಲಿಯೇ ಭಾರೀ ಲೆಕ್ಕವೊಂದನ್ನು ಓಡಿಸಿ ಪ್ರೊಸೆಸರಿನ ತಾಪವನ್ನು ಕಪ್ಪುಹಲಗೆಯ ಮೇಲೆ ಬರೆದಳು: 58 ಡಿಗ್ರಿ. ಕೋಣೆಯ ತಾಪ 35. ಅನಂತರ ವೇಗವನ್ನು 2.4 ಗಿಗಾಹರ್ಟ್ಸ್‌ಗೆ ಏರಿಸಿ ಮತ್ತೆ ಬರೆದಳು: 65 ಡಿಗ್ರಿ. ಮಕ್ಕಳು ಎದ್ದು ನಿಂತು ನೋಡುತ್ತಿದ್ದರು. ಅಲ್ಲಿಗೆ ನಿಲ್ಲಿಸಿದ್ದರೆ ಪಾಠ ನಿರ್ವಿಘ್ನವಾಗಿ ಮುಗಿಯುತ್ತಿತ್ತು. ಆಕೆ ಇನ್ನೊಂದು ಹೆಜ್ಜೆ ಮುಂದೆ ಹೋಗಿ 2.52 ಗಿಗಾಹರ್ಟ್ಸ್‌ಗೆ ಏರಿಸಿದಳು. ನಾಲ್ಕು ನಿಮಿಷದಲ್ಲಿ ಪರೀಕ್ಷಾ ತಂತ್ರಾಂಶ ತಪ್ಪು ತೋರಿಸಿ ನಿಂತಿತು. ಪರದೆ ಹೆಪ್ಪುಗಟ್ಟಿತು. ಯಂತ್ರ ತಾನಾಗಿ ಆರಿ ಹೊತ್ತಿಕೊಳ್ಳತೊಡಗಿತು. ತರಗತಿ ಗೊಳ್ಳೆಂದು ನಕ್ಕಿತು.

ಆಕೆ ಗಾಬರಿಯಾಗಲಿಲ್ಲ. ಪ್ಲಗ್ ಕಿತ್ತು, ಪೆಟ್ಟಿಗೆಯ ಪಕ್ಕದ ಮುಚ್ಚಳ ತೆಗೆದು, ಮದರ್‌ಬೋರ್ಡಿನ ಮೇಲಿದ್ದ ನಾಣ್ಯದಾಕಾರದ ಬ್ಯಾಟರಿಯನ್ನು ಹೊರತೆಗೆದು, ಕೆಲವು ನಿಮಿಷ ಬಿಟ್ಟು ಮತ್ತೆ ಕೂರಿಸಿದಳು. ಕಂಪ್ಯೂಟರ್ ತನ್ನ ಮೂಲ ವೇಗದಲ್ಲಿ ಎದ್ದು ನಿಂತಿತು. ಆ ಬಿಡುವಿನಲ್ಲಿ ಆಕೆ ಮಕ್ಕಳಿಗೆ ಕೇಳಿದ ಪ್ರಶ್ನೆ ಇದು: ‘ಇದೇ ವೇಗದಲ್ಲಿ ಇವತ್ತು ಬೆಳಗಿನ ಜಾವ ನಮ್ಮ ಮನೆಯಲ್ಲಿ ಎರಡು ಗಂಟೆ ಸರಿಯಾಗಿ ಓಡಿದೆ. ಇಲ್ಲಿ ಏಕೆ ಕೆಟ್ಟಿತು?’ ಯಾರೋ ಕರೆಂಟು ಎಂದರು, ಯಾರೋ ಧೂಳು ಎಂದರು. ಕಿಟಕಿಯ ಪಕ್ಕ ಕುಳಿತಿದ್ದ ಹುಡುಗನೊಬ್ಬ, ‘ಬೆಳಿಗ್ಗೆ ತಣ್ಣಗಿತ್ತು, ಈಗ ಸೆಕೆ’ ಎಂದ.

ನಾನು ವೀಕ್ಷಣಾ ನಮೂನೆಯಲ್ಲಿ ಬರೆದದ್ದು: ‘ಉಪಕರಣದ ಪೂರ್ವಪರೀಕ್ಷೆ ಸಾಲದು. ಎಂಟು ನಿಮಿಷ ವ್ಯರ್ಥ.’ ಅಂಕ ಕಳೆದೆ.

ಪಾಠ ಮುಗಿದ ಮೇಲೆ ಇನ್ನೊಂದು ಸಂಗತಿ ನಡೆಯಿತು. ಅಭ್ಯಾಸ ಶಾಲೆಯ ಮುಖ್ಯಶಿಕ್ಷಕರಿಗೆ ಈ ಪ್ರಯೋಗ ಬಹಳ ಹಿಡಿಸಿತ್ತು. ‘ನಮ್ಮ ಲ್ಯಾಬಿನ ಕಂಪ್ಯೂಟರುಗಳೂ ಇಷ್ಟೇ ಹಳೆಯವು, ಬಲು ನಿಧಾನ. ಎಲ್ಲವನ್ನೂ ಹೀಗೆ ವೇಗ ಮಾಡಿಕೊಡಲು ಹೇಳಿ’ ಎಂದರು. ಪ್ರಶಿಕ್ಷಣಾರ್ಥಿ ಉತ್ಸಾಹದಿಂದ ಒಪ್ಪಿಯೂ ಬಿಟ್ಟಳು. ನಾನು ಬೇಡವೆಂದೆ.

ಅಂದು ನಾನು ತೆಗೆದುಕೊಂಡ ಎರಡು ತೀರ್ಮಾನಗಳಲ್ಲಿ ಎರಡನೆಯದು ಸರಿ, ಮೊದಲನೆಯದು ತಪ್ಪು ಎಂಬುದು ನನ್ನ ಈಗಿನ ಅಭಿಪ್ರಾಯ. ಅದಕ್ಕೆ ಕಾರಣಗಳನ್ನು ಸಹೋದ್ಯೋಗಿಗಳ ಮುಂದೆ ಇಡುವುದು ಈ ಲೇಖನದ ಉದ್ದೇಶ.

ವೇಗ ಹೆಚ್ಚಿಸುವುದೆಂದರೆ ಏನು

ಪ್ರೊಸೆಸರಿನ ಕೆಲಸವೆಲ್ಲ ಒಂದು ಗಡಿಯಾರದ ಬಡಿತಕ್ಕೆ ತಕ್ಕಂತೆ ನಡೆಯುತ್ತದೆ. ಇ4300ರಲ್ಲಿ ಮದರ್‌ಬೋರ್ಡು ಕೊಡುವ ಮೂಲ ಬಡಿತ 200 ಮೆಗಾಹರ್ಟ್ಸ್. ಪ್ರೊಸೆಸರ್ ಅದನ್ನು 9ರಿಂದ ಗುಣಿಸಿಕೊಳ್ಳುತ್ತದೆ; 200 × 9 = 1800, ಅಂದರೆ 1.8 ಗಿಗಾಹರ್ಟ್ಸ್. ಗುಣಕವನ್ನು 9ಕ್ಕಿಂತ ಮೇಲೆ ಏರಿಸಲು ತಯಾರಕರು ಬಿಟ್ಟಿಲ್ಲ. ಆದ್ದರಿಂದ ವೇಗ ಹೆಚ್ಚಬೇಕಾದರೆ ಮೂಲ ಬಡಿತವನ್ನೇ ಹೆಚ್ಚಿಸಬೇಕು. ಅದನ್ನು 266 ಮಾಡಿದರೆ ವೇಗ ಸುಮಾರು 2.4 ಗಿಗಾಹರ್ಟ್ಸ್ ಆಗುತ್ತದೆ. ಇದನ್ನೇ ಓವರ್‌ಕ್ಲಾಕಿಂಗ್ ಎನ್ನುತ್ತಾರೆ. ಇದು ಹೊಸದೇನೂ ಅಲ್ಲ. 1998ರಲ್ಲಿ ಬಂದ ಸೆಲೆರಾನ್ 300ಎ ಎಂಬ ಅಗ್ಗದ ಪ್ರೊಸೆಸರಿನ ಮೂಲ ಬಡಿತವನ್ನು 66ರಿಂದ 100ಕ್ಕೆ ಏರಿಸಿ, 300 ಮೆಗಾಹರ್ಟ್ಸ್‌ನದನ್ನು 450ರಲ್ಲಿ ಓಡಿಸಿದವರು ಲೋಕದಾದ್ಯಂತ ಇದ್ದರು.

ತಯಾರಕರು 1.8 ಎಂದು ಬರೆದದ್ದು 2.4ರಲ್ಲಿ ಓಡುವುದು ಹೇಗೆ? ಒಂದೇ ವಿನ್ಯಾಸದ ಚಿಪ್ಪುಗಳನ್ನು ತಯಾರಿಸಿ, ಪರೀಕ್ಷಿಸಿ, ಬೇರೆ ಬೇರೆ ವೇಗದ ಚೀಟಿ ಅಂಟಿಸಿ ಬೇರೆ ಬೇರೆ ಬೆಲೆಗೆ ಮಾರುವುದು ಈ ಉದ್ಯಮದ ಪದ್ಧತಿ. ಚೀಟಿಯಲ್ಲಿರುವ ವೇಗ ಎಂದರೆ ಬೇಸಿಗೆಯ ಸೆಕೆಯಲ್ಲಿ, ಸಾಧಾರಣ ಫ್ಯಾನಿನ ಅಡಿಯಲ್ಲಿ, ವರ್ಷಗಟ್ಟಲೆ ತಪ್ಪಿಲ್ಲದೆ ಕೆಲಸ ಮಾಡುತ್ತದೆ ಎಂದು ತಯಾರಕರು ಮಾತು ಕೊಡುವ ವೇಗ. ಆ ಮಾತಿಗೂ ಚಿಪ್ಪಿನ ನಿಜವಾದ ಶಕ್ತಿಗೂ ನಡುವೆ ಒಂದು ಅಂತರ ಉಳಿದಿರುತ್ತದೆ. ವೇಗ ಹೆಚ್ಚಿಸುವವರು ಬಳಸಿಕೊಳ್ಳುವುದು ಆ ಅಂತರವನ್ನು. ಅಂತರ ಎಷ್ಟೆಂಬುದು ಚಿಪ್ಪಿನಿಂದ ಚಿಪ್ಪಿಗೆ ಬೇರೆ. ಒಬ್ಬರ ಯಂತ್ರದಲ್ಲಿ ನಡೆದದ್ದು ಇನ್ನೊಬ್ಬರ ಯಂತ್ರದಲ್ಲಿ ನಡೆಯಬೇಕೆಂಬ ನಿಯಮವಿಲ್ಲ. ಅಳೆದೇ ತಿಳಿಯಬೇಕು.

ಅಂತರ ಮುಗಿದಾಗ ಏನಾಗುತ್ತದೆ ಎಂಬುದನ್ನು ಶಾಲೆಯ ಗಂಟೆಯ ಮೂಲಕ ಹೇಳಬಹುದು. 45 ನಿಮಿಷದ ಅವಧಿಯನ್ನು 34 ನಿಮಿಷಕ್ಕೆ ಇಳಿಸಿದಿರಿ ಎಂದುಕೊಳ್ಳಿ. 1.8ರಿಂದ 2.4ಕ್ಕೆ ಏರುವುದೆಂದರೆ ಪ್ರತಿ ಬಡಿತದ ಅವಧಿ ಮುಕ್ಕಾಲು ಪಾಲಿಗೆ ಇಳಿಯುವುದೆಂದೇ ಅರ್ಥ. 30 ನಿಮಿಷದಲ್ಲಿ ಪಾಠ ಮುಗಿಸುವ ಶಿಕ್ಷಕರಿಗೆ ತೊಂದರೆಯಿಲ್ಲ. 40 ನಿಮಿಷ ಬೇಕಾದವರ ಪಾಠ ಅರ್ಧದಲ್ಲೇ ತುಂಡಾಗುತ್ತದೆ. ಚಿಪ್ಪಿನೊಳಗೂ ಹಾಗೆಯೇ. ಒಂದು ಲೆಕ್ಕದ ಕೊನೆಯ ಸಂಕೇತ ತಲುಪುವ ಮುನ್ನವೇ ಮುಂದಿನ ಬಡಿತ ಬಂದರೆ ಸೊನ್ನೆಯ ಜಾಗದಲ್ಲಿ ಒಂದು, ಒಂದರ ಜಾಗದಲ್ಲಿ ಸೊನ್ನೆ ದಾಖಲಾಗುತ್ತದೆ. ಚಿಪ್ಪು ಬಿಸಿಯಾದಷ್ಟೂ ಈ ಸಂಕೇತಗಳು ನಿಧಾನವಾಗುತ್ತವೆ. ಬೆಳಗಿನ ತಂಪಿನಲ್ಲಿ ಸರಿಯಿದ್ದ 2.52 ಮಧ್ಯಾಹ್ನದ ತರಗತಿಯಲ್ಲಿ ಕೆಟ್ಟದ್ದು ಇದೇ ಕಾರಣಕ್ಕೆ. ಕಿಟಕಿಯ ಪಕ್ಕದ ಹುಡುಗ ಹೇಳಿದ್ದು ಸರಿಯಾದ ಉತ್ತರ.

ಲ್ಯಾಬಿಗೆ ಏಕೆ ಬೇಡ

ಮುಖ್ಯಶಿಕ್ಷಕರ ಕೋರಿಕೆ ಸಹಜವಾದದ್ದು. ಹಣವಿಲ್ಲದ ಶಾಲೆಗೆ ಖರ್ಚಿಲ್ಲದೆ ವೇಗ ಸಿಗುವುದಾದರೆ ಯಾರು ಬೇಡವೆನ್ನುತ್ತಾರೆ? ಆದರೆ ಇಲ್ಲಿ ಮೂರು ಸಂಗತಿಗಳನ್ನು ಗಮನಿಸಬೇಕು.

ಮೊದಲನೆಯದು, ವೇಗ ಹೆಚ್ಚಿಸಿದ ಯಂತ್ರ ಕೆಡುವುದು ಯಾವಾಗಲೂ ಸದ್ದುಮಾಡಿ ಅಲ್ಲ. ಪರದೆ ಹೆಪ್ಪುಗಟ್ಟಿದರೆ ಒಳ್ಳೆಯದೇ, ತಪ್ಪಾಗಿದೆ ಎಂದು ತಿಳಿಯುತ್ತದೆ. ಅಂಚಿನಲ್ಲಿರುವ ಯಂತ್ರ ನೂರಾರು ಕೋಟಿ ಲೆಕ್ಕಗಳಲ್ಲಿ ಒಂದನ್ನು ತಪ್ಪಾಗಿ ಮಾಡಿ ಏನೂ ಆಗದಂತೆ ಮುಂದೆ ಹೋಗಬಹುದು. ಸಾಮಾನ್ಯ ಡೆಸ್ಕ್‌ಟಾಪುಗಳ ಮೆಮೊರಿಯಲ್ಲಿ ಇಂತಹ ತಪ್ಪನ್ನು ಹಿಡಿದು ತಿದ್ದುವ ವ್ಯವಸ್ಥೆ ಇರುವುದಿಲ್ಲ. ಆ ಒಂದು ತಪ್ಪು ಆಟದ ಚಿತ್ರದಲ್ಲಿ ಒಂದು ಚುಕ್ಕೆಯಾದರೆ ನಷ್ಟವಿಲ್ಲ. ಮಗುವೊಂದರ ಅಂಕಪಟ್ಟಿಯಲ್ಲಿ ಒಂದು ಅಂಕಿಯಾದರೆ? ಅಥವಾ ಉಳಿಸುವಾಗಲೇ ಹಾಳಾದ ಕಡತವಾದರೆ? ಶಾಲೆಯ ಕಂಪ್ಯೂಟರಿನಲ್ಲಿ ಇರುವುದು ನಮ್ಮ ಸ್ವಂತದ ಮಾಹಿತಿಯಲ್ಲ, ನಮ್ಮ ವಶಕ್ಕೆ ಒಪ್ಪಿಸಿದ ಬೇರೆಯವರ ಮಾಹಿತಿ.

ಎರಡನೆಯದು, ಲಾಭ ತೋರಿದಷ್ಟು ಇರುವುದಿಲ್ಲ. ವೇಗ ಮೂರನೆಯ ಒಂದು ಪಾಲು ಹೆಚ್ಚಿತು ಎಂದರೆ ಕೆಲಸ ಅಷ್ಟೇ ಬೇಗ ಮುಗಿಯುತ್ತದೆ ಎಂದಲ್ಲ. ಒಂದು ತಂತ್ರಾಂಶ ತೆರೆದುಕೊಳ್ಳಲು 60 ಸೆಕೆಂಡು ಹಿಡಿಯುತ್ತದೆ ಎನ್ನಿ. ಅದರಲ್ಲಿ ಪ್ರೊಸೆಸರಿನ ಕೆಲಸ 15 ಸೆಕೆಂಡು, ಹಾರ್ಡ್ ಡಿಸ್ಕಿಗಾಗಿ ಕಾಯುವುದು 45 ಸೆಕೆಂಡು. ಪ್ರೊಸೆಸರಿನ ವೇಗವನ್ನು ಒಂದೂ ಮೂರನೆಯ ಒಂದು ಪಟ್ಟು ಮಾಡಿದರೆ 15 ಸೆಕೆಂಡು ಸುಮಾರು 11 ಆಗುತ್ತದೆ. ಒಟ್ಟು 60ರ ಬದಲು 56. ಜೀನ್ ಆಮ್ಡಾಲ್ 1967ರಲ್ಲಿ ಮುಂದಿಟ್ಟ ವಾದದ ತಿರುಳು ಇದೇ: ಒಂದು ಭಾಗವನ್ನು ಎಷ್ಟೇ ಚುರುಕುಗೊಳಿಸಿದರೂ ಉಳಿದ ಭಾಗ ಒಟ್ಟು ಲಾಭಕ್ಕೆ ಮಿತಿ ಹಾಕುತ್ತದೆ. ಹಳೆಯ ಲ್ಯಾಬುಗಳಲ್ಲಿ ಬಹುಪಾಲು ಕಾಯುವಿಕೆ ಹಾರ್ಡ್ ಡಿಸ್ಕಿಗೆ ಮತ್ತು ಸಾಲದ ಮೆಮೊರಿಗೆ ಸಂಬಂಧಿಸಿದ್ದು. ತಿರುಗುವ ಡಿಸ್ಕಿನ ಬದಲು ಸಣ್ಣದೊಂದು ಎಸ್‌ಎಸ್‌ಡಿ, 1 ಜಿಬಿ ಮೆಮೊರಿಯ ಬದಲು 4 ಜಿಬಿ, ಹಗುರವಾದ ಲಿನಕ್ಸ್, ಇವು ಕೊಡುವ ಅನುಕೂಲವನ್ನು ಓವರ್‌ಕ್ಲಾಕಿಂಗ್ ಕೊಡಲಾರದು. ಖರ್ಚೇ ಇಲ್ಲದ ಉಪಾಯವೂ ಒಂದಿದೆ. ಪೆಟ್ಟಿಗೆ ತೆರೆದು ಧೂಳು ತೆಗೆಯುವುದು. ಫ್ಯಾನು ಕಟ್ಟಿಕೊಂಡ ಪ್ರೊಸೆಸರ್ ಅತಿಯಾಗಿ ಬಿಸಿಯಾದಾಗ ತನ್ನನ್ನು ಉಳಿಸಿಕೊಳ್ಳಲು ತಾನೇ ವೇಗ ಇಳಿಸಿಕೊಳ್ಳುತ್ತದೆ. ಎಷ್ಟೋ ‘ನಿಧಾನ’ ಕಂಪ್ಯೂಟರುಗಳ ಕಾಯಿಲೆ ಇಷ್ಟೇ.

ಮೂರನೆಯದು, ಹಳೆಯ ಯಂತ್ರದಲ್ಲಿ ಹಳೆಯದಾಗಿರುವುದು ಪ್ರೊಸೆಸರ್ ಒಂದೇ ಅಲ್ಲ. ಮದರ್‌ಬೋರ್ಡಿನ ಎಲೆಕ್ಟ್ರೋಲಿಟಿಕ್ ಕೆಪಾಸಿಟರುಗಳು ವರ್ಷಗಳು ಕಳೆದಂತೆ ಒಣಗುತ್ತವೆ, ತಲೆ ಉಬ್ಬುತ್ತವೆ. ವಿದ್ಯುತ್ ಸರಬರಾಜು ಪೆಟ್ಟಿಗೆಯ ಸಾಮರ್ಥ್ಯ ಕುಗ್ಗಿರುತ್ತದೆ. ಇಂತಹ ಯಂತ್ರದ ಮೇಲೆ ಹೊರೆ ಹೆಚ್ಚಿಸಿದರೆ ಮೊದಲು ಸೋಲುವುದು ಪ್ರೊಸೆಸರ್ ಅಲ್ಲ, ಇವು. ಮತ್ತೆ ಸರಿಮಾಡಲು ಪ್ರಶಿಕ್ಷಣಾರ್ಥಿ ಅಲ್ಲಿ ಇರುವುದಿಲ್ಲ. ಅವಳ ಅಭ್ಯಾಸ ಬೋಧನೆ ಮುಗಿದಿರುತ್ತದೆ.

ಆದರೂ ಪಾಠಕ್ಕೆ ಏಕೆ ಬೇಕು

ಹಾಗಾದರೆ ಇಷ್ಟು ಅಪಾಯವಿರುವ ಕೆಲಸವನ್ನು ತರಗತಿಗೆ ತರುವುದೇಕೆ? ನಮ್ಮ ಪಠ್ಯದಲ್ಲಿ ‘ವೈಜ್ಞಾನಿಕ ವಿಧಾನ’ ಎಂದು ಹೇಳಿಕೊಡುವ ಎಲ್ಲವೂ ಇಲ್ಲಿ ನಿಜವಾಗಿ ಬೇಕಾಗುತ್ತದೆ ಎಂಬ ಕಾರಣಕ್ಕೆ. ನಮ್ಮ ಬಹುತೇಕ ಶಾಲಾ ಪ್ರಯೋಗಗಳ ಫಲಿತಾಂಶ ಮಕ್ಕಳಿಗೆ ಮೊದಲೇ ಗೊತ್ತಿರುತ್ತದೆ; ಪಠ್ಯಪುಸ್ತಕದಲ್ಲಿಯೇ ಅಚ್ಚಾಗಿರುತ್ತದೆ. ಈ ಒಂದು ಚಿಪ್ಪಿನ ಮಿತಿ ಎಷ್ಟು ಎಂಬುದು ಯಾವ ಪುಸ್ತಕದಲ್ಲಿಯೂ ಇಲ್ಲ. ಅದನ್ನು ಅಳೆಯುವವರಿಗೆ ಮಾತ್ರ ಅದು ಸಿಗುತ್ತದೆ.

ಕಪ್ಪುಹಲಗೆಯ ಮೇಲಿದ್ದ ಅಂಕಿಗಳನ್ನೇ ನೋಡಿ. ಕೋಣೆಗಿಂತ ಪ್ರೊಸೆಸರ್ ಬಿಸಿಯಾದದ್ದು 1.8ರಲ್ಲಿ 23 ಡಿಗ್ರಿ, 2.4ರಲ್ಲಿ 30 ಡಿಗ್ರಿ. ಚಿಪ್ಪು ಬಳಸುವ ಶಕ್ತಿ ವೇಗಕ್ಕೂ ವೋಲ್ಟೇಜಿನ ವರ್ಗಕ್ಕೂ ಅನುಪಾತದಲ್ಲಿರುತ್ತದೆ. ವೋಲ್ಟೇಜ್ ಬದಲಿಸದೆ ವೇಗವನ್ನು 1.33 ಪಟ್ಟು ಮಾಡಿದಾಗ ತಾಪದ ಅಂತರವೂ 1.33 ಪಟ್ಟಿಗೆ ಹತ್ತಿರ ಬರಬೇಕು. 30ನ್ನು 23ರಿಂದ ಭಾಗಿಸಿದರೆ 1.30. ಚಿಪ್ಪು ಸುಮ್ಮನಿದ್ದಾಗಲೂ ಸೋರುವ ಅಲ್ಪ ವಿದ್ಯುತ್ತು ವೇಗದೊಂದಿಗೆ ಹೆಚ್ಚುವುದಿಲ್ಲವಾದ್ದರಿಂದ ಸ್ವಲ್ಪ ಕಡಿಮೆ ಬಂದಿರುವುದು ಸರಿಯೇ. ಹತ್ತನೆಯ ತರಗತಿಯ ಮಗು ಭಾಗಾಕಾರ ಮಾಡಿ ಸಿದ್ಧಾಂತವನ್ನು ತಾನೇ ತಪಾಸಣೆ ಮಾಡಬಹುದಾದ ಇಂತಹ ಪಾಠಗಳು ನಮ್ಮಲ್ಲಿ ಎಷ್ಟಿವೆ? ವೋಲ್ಟೇಜನ್ನು ಶೇಕಡಾ 10 ಏರಿಸಿದ್ದರೆ ಏನಾಗುತ್ತಿತ್ತು ಎಂದು ಕೇಳಿ. 1.1ರ ವರ್ಗ 1.21, ಅದನ್ನು 1.33ರಿಂದ ಗುಣಿಸಿದರೆ 1.61. ವೇಗ ಮೂರನೆಯ ಒಂದು ಪಾಲು ಹೆಚ್ಚಲು ಶಾಖ ಸುಮಾರು ಶೇಕಡಾ ಅರವತ್ತು ಹೆಚ್ಚುತ್ತದೆ. ವೋಲ್ಟೇಜನ್ನು ಮುಟ್ಟಬಾರದೆಂಬ ನಿಯಮವನ್ನು ನಾವು ಹೇರಬೇಕಾಗಿಲ್ಲ, ಮಕ್ಕಳೇ ಲೆಕ್ಕದಿಂದ ತಲುಪುತ್ತಾರೆ.

ಆಕೆ ಬಳಸಿದ ಪರೀಕ್ಷಾ ತಂತ್ರಾಂಶ ಪ್ರೈಮ್95. ದೊಡ್ಡ ಮರ್ಸೆನ್ ಅವಿಭಾಜ್ಯ ಸಂಖ್ಯೆಗಳನ್ನು ಹುಡುಕಲು 1996ರಲ್ಲಿ ಜಾರ್ಜ್ ವೋಲ್ಟ್‌ಮನ್ ಆರಂಭಿಸಿದ ಯೋಜನೆಯದು. ಅದರ ಪರೀಕ್ಷಾ ಭಾಗ ಮೊದಲೇ ಉತ್ತರ ತಿಳಿದಿರುವ ಲೆಕ್ಕಗಳನ್ನು ಯಂತ್ರಕ್ಕೆ ಕೊಟ್ಟು, ಬಂದ ಉತ್ತರವನ್ನು ತಾಳೆ ನೋಡುತ್ತದೆ. ಒಂದು ತಪ್ಪಿದರೂ ನಿಲ್ಲುತ್ತದೆ. ಗಣಿತವು ಶುದ್ಧ ಕುತೂಹಲಕ್ಕಾಗಿ ಮಾಡಿದ ಹುಡುಕಾಟ ಯಂತ್ರದ ಪ್ರಾಮಾಣಿಕತೆಯನ್ನು ಅಳೆಯುವ ಕೋಲಾಯಿತು ಎಂಬುದನ್ನು ಗಣಿತ ಬೋಧನಾ ವಿಧಾನದ ಸಹೋದ್ಯೋಗಿಗಳು ಬಳಸಿಕೊಳ್ಳಬಹುದು.

ಸುರಕ್ಷಿತ ಕ್ರಮ

ಪಾಠಕ್ಕಾಗಿ ಈ ಪ್ರಯೋಗ ಮಾಡಬಯಸುವ ಪ್ರಶಿಕ್ಷಣಾರ್ಥಿಗಳು ಈ ಕ್ರಮ ಅನುಸರಿಸಬೇಕೆಂದು ನನ್ನ ಸಲಹೆ.

ಯಂತ್ರ ನಿಮ್ಮದಾಗಿರಬೇಕು, ಅಥವಾ ಲೆಕ್ಕದಿಂದ ಕೈಬಿಟ್ಟದ್ದಾಗಿರಬೇಕು ಮತ್ತು ಲಿಖಿತ ಒಪ್ಪಿಗೆ ಇರಬೇಕು. ವಾರಂಟಿ ಇರುವ ಯಂತ್ರ ಬೇಡ. ಅದರ ಡಿಸ್ಕಿನಲ್ಲಿ ಯಾರಿಗೂ ಬೇಕಾದ ಒಂದು ಕಡತವೂ ಇರಕೂಡದು. ಕಚೇರಿಗಳಿಗೆಂದು ತಯಾರಾದ ಅನೇಕ ಕಂಪ್ಯೂಟರುಗಳ ಬಯಾಸ್‌ನಲ್ಲಿ ವೇಗ ಬದಲಿಸುವ ಅವಕಾಶವೇ ಇರುವುದಿಲ್ಲ. ಇಲ್ಲದಿದ್ದರೆ ಅಲ್ಲಿಗೆ ಬಿಡಿ. ಪ್ರೊಸೆಸರಿನ ಸಂಪರ್ಕ ಬಿಂದುಗಳಿಗೆ ಟೇಪು ಅಂಟಿಸಿ ಬೋರ್ಡನ್ನು ಏಮಾರಿಸುವ ಉಪಾಯಗಳು ತರಗತಿಗೆ ಸಲ್ಲವು.

ಮೊದಲು ವಾಪಸು ಬರುವ ದಾರಿ ಕಲಿಯಿರಿ. ಪ್ಲಗ್ ಕಿತ್ತು, 3 ವೋಲ್ಟಿನ ಸಿಆರ್2032 ಬ್ಯಾಟರಿಯನ್ನು ಕೆಲವು ನಿಮಿಷ ಹೊರತೆಗೆದರೆ ಅಥವಾ ಬೋರ್ಡಿನ ಮೇಲೆ ಅದಕ್ಕೆಂದೇ ಇರುವ ಜಂಪರ್ ಬದಲಿಸಿದರೆ ಬಯಾಸ್ ಮೂಲ ಸ್ಥಿತಿಗೆ ಬರುತ್ತದೆ. ವೇಗ ಹೆಚ್ಚಿಸುವ ಮುನ್ನ ಇದನ್ನು ಒಮ್ಮೆ ಮಾಡಿ ನೋಡಿ. ಪ್ಲಗ್ ಕೀಳದೆ ಪೆಟ್ಟಿಗೆಯೊಳಗೆ ಕೈಹಾಕಬಾರದು. ವಿದ್ಯುತ್ ಸರಬರಾಜು ಪೆಟ್ಟಿಗೆಯನ್ನಂತೂ ಎಂದಿಗೂ ಬಿಚ್ಚಬಾರದು. ಪ್ಲಗ್ ಕಿತ್ತ ಮೇಲೂ ಅದರ ಕೆಪಾಸಿಟರುಗಳಲ್ಲಿ ಅಪಾಯಕಾರಿ ವೋಲ್ಟೇಜ್ ಉಳಿದಿರುತ್ತದೆ.

ಅನಂತರ ಶುಚಿ. ಧೂಳು ತೆಗೆದು, ಒಣಗಿದ ಉಷ್ಣವಾಹಕ ಲೇಪವನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಒರೆಸಿ, ಬಟಾಣಿ ಕಾಳಿಗಿಂತ ಚಿಕ್ಕ ಹನಿಯಷ್ಟು ಹೊಸ ಲೇಪ ಹಾಕಿ. ಈ ಕಾಲದ ಇಂಟೆಲ್ ಫ್ಯಾನಿಗೆ ಒತ್ತಿ ಕೂರಿಸುವ ನಾಲ್ಕು ಪಿನ್ನುಗಳಿರುತ್ತವೆ. ನಾಲ್ಕೂ ಕೂತಿವೆಯೇ ಎಂದು ಬೋರ್ಡಿನ ಹಿಂಬದಿಯಿಂದ ನೋಡಿ. ಉಬ್ಬಿದ ಕೆಪಾಸಿಟರ್ ಒಂದೇ ಒಂದು ಕಂಡರೂ ಆ ಯಂತ್ರವನ್ನು ಕೈಬಿಡಿ.

ಮೂಲ ವೇಗದಲ್ಲಿ ಮೊದಲ ಅಳತೆ. ಕೋಣೆಯ ತಾಪ, ಸುಮ್ಮನಿದ್ದಾಗಿನ ತಾಪ, ಪೂರ್ಣ ಹೊರೆಯ ತಾಪ. ಫ್ಯಾನು ಒಂದೇ ವೇಗದಲ್ಲಿ ತಿರುಗುವಂತೆ ಬಯಾಸ್‌ನಲ್ಲಿ ನಿಗದಿಮಾಡಿ, ಇಲ್ಲದಿದ್ದರೆ ಎರಡು ಚರಗಳು ಒಟ್ಟಿಗೆ ಬದಲಾಗುತ್ತವೆ. ಈ ಪೀಳಿಗೆಯ ತಾಪಸೂಚಕಗಳು ನಿಖರ ಅಂಕಿಗಿಂತ ಏರಿಳಿತವನ್ನು ಹೆಚ್ಚು ನಂಬಿಕೆಯಿಂದ ತೋರಿಸುತ್ತವೆ. ಆದ್ದರಿಂದ ವ್ಯತ್ಯಾಸದ ಮೇಲೆ ಪಾಠ ಕಟ್ಟಿ.

ಬಯಾಸ್‌ನಲ್ಲಿ ಮೂರು ವಿಷಯ ಮೊದಲೇ ಕಟ್ಟಿಹಾಕಬೇಕು. ಪಿಸಿಐ ಎಕ್ಸ್‌ಪ್ರೆಸ್ 100 ಮೆಗಾಹರ್ಟ್ಸ್, ಪಿಸಿಐ 33 ಮೆಗಾಹರ್ಟ್ಸ್‌ನಲ್ಲೇ ನಿಂತಿರಬೇಕು. ಇವೂ ಜೊತೆಗೆ ಏರಿದರೆ ಡಿಸ್ಕಿನ ಮಾಹಿತಿ ಹಾಳಾಗಬಹುದು. ಪ್ರೊಸೆಸರಿನ ವೋಲ್ಟೇಜನ್ನು ‘ಆಟೊ’ದಲ್ಲಿ ಬಿಡದೆ ಮೂಲ ಬೆಲೆಗೇ ನಿಗದಿಮಾಡಬೇಕು, ಕೆಲವು ಬೋರ್ಡುಗಳು ವೇಗ ಏರಿದಂತೆ ಹೇಳದೆಯೇ ವೋಲ್ಟೇಜ್ ಏರಿಸುತ್ತವೆ. ಮೆಮೊರಿಯ ಅನುಪಾತ ಇಳಿಸಬೇಕು. ಡಿಡಿಆರ್2-667 ಮೆಮೊರಿಯ ನಿಜವಾದ ಬಡಿತ 333. ಮೂಲ ಬಡಿತ 266 ಆದಾಗ 5:4 ಅನುಪಾತದಲ್ಲಿ ಅದು ಸರಿಯಾಗಿ 333ಕ್ಕೆ ಬರುತ್ತದೆ. ಹಳೆಯ ಅನುಪಾತವನ್ನೇ ಬಿಟ್ಟರೆ ಪ್ರೊಸೆಸರಿನ ಬದಲು ಮೆಮೊರಿ ಸೋತು, ಸೋತದ್ದು ಯಾವುದೆಂದು ತಿಳಿಯದೆ ಹೋಗುತ್ತದೆ.

ಅನಂತರ ಮೂಲ ಬಡಿತವನ್ನು ಒಮ್ಮೆಗೆ 10 ಮಾತ್ರ ಏರಿಸಿ. 200, 210, 220. ಪ್ರತಿ ಹೆಜ್ಜೆಗೆ ವೇಗ 90 ಮೆಗಾಹರ್ಟ್ಸ್ ಹೆಚ್ಚುತ್ತದೆ. ಪ್ರತಿ ಹೆಜ್ಜೆಯಲ್ಲಿ ಕಾಲು ಗಂಟೆ ಪರೀಕ್ಷೆ, ತಾಪದ ದಾಖಲೆ. ಪೂರ್ಣ ಹೊರೆಯಲ್ಲಿ 70 ಡಿಗ್ರಿ ಎಂಬುದನ್ನು ನಮ್ಮ ಗಡಿಯೆಂದು ಇಟ್ಟುಕೊಳ್ಳೋಣ. ತಪ್ಪು ಬಂದಲ್ಲಿಂದ ಒಂದು ಹೆಜ್ಜೆಯಲ್ಲ, ಎರಡು ಹೆಜ್ಜೆ ಹಿಂದೆ ಬನ್ನಿ. ಅಲ್ಲಿ ಹಲವು ಗಂಟೆಗಳ ಪರೀಕ್ಷೆ, ಮೆಮೊರಿಗೆ ಮೆಮ್‌ಟೆಸ್ಟ್86+ ಪರೀಕ್ಷೆ. ಇದನ್ನೆಲ್ಲ ಮಾಡಬೇಕಾದದ್ದು ದಿನದ ಅತ್ಯಂತ ಸೆಕೆಯ ಹೊತ್ತಿನಲ್ಲಿ. ಫ್ಯಾನು ಚಿಪ್ಪನ್ನು ಕೋಣೆಗಿಂತ ತಣ್ಣಗೆ ಮಾಡಲಾರದು. ಕೋಣೆ 10 ಡಿಗ್ರಿ ಏರಿದರೆ ಚಿಪ್ಪೂ ಹೆಚ್ಚುಕಡಿಮೆ ಅಷ್ಟೇ ಏರುತ್ತದೆ. ಮಡಿಕೇರಿಯ ಜನವರಿಯಲ್ಲಿ ಗೆದ್ದದ್ದು ರಾಯಚೂರಿನ ಏಪ್ರಿಲಿನಲ್ಲಿ ಗೆಲ್ಲಬೇಕಾಗಿಲ್ಲ.

ತರಗತಿಯಲ್ಲಿ ತೋರಿಸಬೇಕಾದದ್ದು ಈ ಎರಡು ಹೆಜ್ಜೆ ಹಿಂದಿನ ವೇಗವನ್ನು ಮಾತ್ರ. ಮಿತಿಯ ಅಂಕಿ ದಾಖಲೆ ಪುಸ್ತಕದಿಂದ ಬರಲಿ. ನಮ್ಮ ಪ್ರಶಿಕ್ಷಣಾರ್ಥಿ ಎಡವಿದ್ದು ಇಲ್ಲಿ, ಅದನ್ನು ಅಂದು ಹೇಳಿದ್ದು ತಪ್ಪಲ್ಲ. ಪಾಠ ಮುಗಿದ ಮೇಲೆ ಮಕ್ಕಳ ಎದುರೇ ಯಂತ್ರವನ್ನು ಮೂಲ ವೇಗಕ್ಕೆ ಇಳಿಸಬೇಕು. ಅದೂ ಪಾಠದ ಭಾಗವೇ.

ಎರಡು ಆಕ್ಷೇಪಗಳು

ಈ ವಿಷಯವನ್ನು ವಿಭಾಗದಲ್ಲಿ ಚರ್ಚೆಗೆ ಇಟ್ಟಾಗ ಎರಡು ಆಕ್ಷೇಪಗಳು ಬಂದವು. ಎರಡೂ ಗಟ್ಟಿಯಾದವು.

ಒಂದು, ಇದು ಹಳಸಿದ ವಿದ್ಯೆ. ಇಂದಿನ ಪ್ರೊಸೆಸರುಗಳು ತಾವೇ ವೇಗ ಏರಿಸಿಕೊಳ್ಳುತ್ತವೆ. ನಿಜ. 2008ರ ಕೊನೆಯಲ್ಲಿ ಬಂದ ಕೋರ್ ಐ7ರಿಂದಲೇ ಇಂಟೆಲ್ ಟರ್ಬೊ ಬೂಸ್ಟ್ ಅಳವಡಿಸಿತು. ತಾಪ ಮತ್ತು ವಿದ್ಯುತ್ತಿನಲ್ಲಿ ಅವಕಾಶವಿದ್ದಾಗ ಚಿಪ್ಪು ತಾನಾಗಿ ವೇಗ ಹೆಚ್ಚಿಸಿಕೊಳ್ಳುತ್ತದೆ. ಆದರೆ ಬೋಧನೆಗೆ ಹಳೆಯದು ಬೇಕಾಗುವುದು ಇದೇ ಕಾರಣಕ್ಕೆ. ಹೊಸದರಲ್ಲಿ ಎಲ್ಲವೂ ಒಳಗೆ ನಡೆದುಹೋಗುತ್ತದೆ. ಹಳೆಯದರಲ್ಲಿ ಬಡಿತ, ಗುಣಕ, ವೋಲ್ಟೇಜ್ ಬೇರೆ ಬೇರೆಯಾಗಿ ಕೈಗೆ ಸಿಗುತ್ತವೆ. ಕ್ಯಾಮೆರಾ ಎಲ್ಲರ ಜೇಬಿನಲ್ಲಿ ಇರುವಾಗಲೂ ನಾವು ಸೂಜಿರಂಧ್ರ ಬಿಂಬಗ್ರಾಹಿ ಮಾಡಿಸುವುದಿಲ್ಲವೇ?

ಇನ್ನೊಂದು, ಮಕ್ಕಳು ಮನೆಗೆ ಹೋಗಿ ಅಕ್ಕನ ಕಂಪ್ಯೂಟರಿನ ಮೇಲೆ ಇದನ್ನು ಮಾಡುತ್ತಾರೆ. ಈ ಆತಂಕಕ್ಕೆ ನನ್ನಲ್ಲಿ ಪೂರ್ಣ ಉತ್ತರವಿಲ್ಲ. ಆದರೆ ಇವುಗಳನ್ನು ಮಾಡುವ ಮಕ್ಕಳು ಫೋನಿನ ವಿಡಿಯೊ ನೋಡಿ ಈಗಲೂ ಮಾಡುತ್ತಾರೆ, ಮತ್ತು ಅಲ್ಲಿ ಅವರು ಕಾಣುವುದು ಗೆದ್ದವರ ಅಂಕಿಯನ್ನು ಮಾತ್ರ. ಹೆಚ್ಚಿದ ವೋಲ್ಟೇಜ್ ಮತ್ತು ಶಾಖದಲ್ಲಿ ಚಿಪ್ಪಿನೊಳಗಿನ ಲೋಹದ ಕಣಗಳು ವಿದ್ಯುತ್ ಪ್ರವಾಹದೊಂದಿಗೆ ನಿಧಾನವಾಗಿ ಸರಿದು, ತಂತಿ ಸವೆಯುತ್ತದೆ. ಸವೆದದ್ದು ಯಾವ ಬ್ಯಾಟರಿ ತೆಗೆದರೂ ಹಿಂದಕ್ಕೆ ಬರುವುದಿಲ್ಲ. ಇದನ್ನು ಶಿಕ್ಷಕರು ಹೇಳದಿದ್ದರೆ ಯಾರು ಹೇಳುತ್ತಾರೆ? ಯಾವ ತಪ್ಪನ್ನು ಹಿಂದಕ್ಕೆ ತರಬಹುದು, ಯಾವುದನ್ನು ತರಲಾಗದು, ಯಾವ ವಸ್ತುವಿನ ಮೇಲೆ ಪ್ರಯೋಗ ಮಾಡುವ ಹಕ್ಕು ನಮಗಿದೆ, ಯಾವುದರ ಮೇಲೆ ಇಲ್ಲ ಎಂಬ ವಿವೇಕವನ್ನು ಕಲಿಸುವ ಅವಕಾಶ ಇದು. ಮುಖ್ಯಶಿಕ್ಷಕರಿಗೆ ‘ಬೇಡ’ ಎಂದ ಕಾರಣವನ್ನೂ ತರಗತಿಯಲ್ಲಿ ಹೇಳಿದ್ದರೆ ಪಾಠ ಇನ್ನೂ ಪೂರ್ಣವಾಗುತ್ತಿತ್ತು.

ನಮ್ಮ ನಮೂನೆಯ ಬಗ್ಗೆ

ಈಗ ನಾನು ಕಳೆದ ಅಂಕಕ್ಕೆ ಬರುತ್ತೇನೆ. ನಮ್ಮ ವೀಕ್ಷಣಾ ನಮೂನೆಯಲ್ಲಿ ಪೀಠಿಕೆ, ಪ್ರಶ್ನಿಸುವ ಕೌಶಲ, ಬೋಧನೋಪಕರಣದ ಬಳಕೆ, ಕಪ್ಪುಹಲಗೆಯ ಕೆಲಸ, ಸಮಯ ಪಾಲನೆ, ಮೌಲ್ಯಮಾಪನ ಎಲ್ಲಕ್ಕೂ ಜಾಗವಿದೆ. ಯೋಜಿಸಿದ್ದು ಯೋಜಿಸಿದಂತೆ ನಡೆಯದಿದ್ದಾಗ ಶಿಕ್ಷಕಿ ಏನು ಮಾಡಿದಳು ಎಂಬುದಕ್ಕೆ ಜಾಗವಿಲ್ಲ. ಅದು ‘ಉಪಕರಣ’ದಲ್ಲಿ ಒಂದು ಕಳೆತ, ‘ಸಮಯ’ದಲ್ಲಿ ಇನ್ನೊಂದು ಕಳೆತವಾಗಿ ಎರಡು ಸಲ ದಂಡವಾಗುತ್ತದೆ.

ಇದರ ಪರಿಣಾಮವನ್ನು ನಾವೆಲ್ಲ ನೋಡಿದ್ದೇವೆ. ಪ್ರಶಿಕ್ಷಣಾರ್ಥಿಗಳು ವೀಕ್ಷಕರು ಬರುವ ದಿನಕ್ಕೆಂದು ಕೆಡಲಾರದ ಪಾಠಗಳನ್ನೇ ಆರಿಸಿಕೊಳ್ಳುತ್ತಾರೆ. ಉತ್ತರ ಗೊತ್ತಿರುವ ಮಕ್ಕಳನ್ನೇ ಕೇಳುತ್ತಾರೆ. ಚಾರ್ಟು ಎಂದಿಗೂ ಕೆಡುವುದಿಲ್ಲ, ಆದ್ದರಿಂದ ಎಲ್ಲರೂ ಚಾರ್ಟು ತರುತ್ತಾರೆ. ಇನ್ನು ಮೂವತ್ತು ವರ್ಷ ತರಗತಿಯಲ್ಲಿ ನಿಲ್ಲಬೇಕಾದವರಿಗೆ, ಏನೂ ಕೆಡದಂತೆ ನೋಡಿಕೊಳ್ಳುವುದನ್ನು ಕಲಿಸಿ, ಕೆಟ್ಟಾಗ ನಿಭಾಯಿಸುವುದನ್ನು ಕಲಿಸದೆ ಕಳುಹಿಸುತ್ತಿದ್ದೇವೆ.

ಆ ಎಂಟು ನಿಮಿಷವನ್ನು ನಾನು ವ್ಯರ್ಥ ಎಂದೆ. ಆ ಎಂಟು ನಿಮಿಷದಲ್ಲಿ ಮಕ್ಕಳು ಊಹೆ ಮಾಡಿದರು, ಊಹೆಗಳನ್ನು ತಾಳೆ ನೋಡಿದರು, ಒಬ್ಬ ಹುಡುಗ ಸರಿಯಾದ ಕಾರಣ ಹೇಳಿದ. ಉಳಿದ ಅವಧಿಯಲ್ಲಿ ಅವರು ನೋಡಿದರು, ಬರೆದುಕೊಂಡರು.

ಆದ್ದರಿಂದ ನನ್ನ ಕೋರಿಕೆ ಎರಡು. ನಮೂನೆಯಲ್ಲಿ ಒಂದು ಸಾಲು ಸೇರಿಸೋಣ: ‘ಅನಿರೀಕ್ಷಿತ ಸಂದರ್ಭವನ್ನು ಕಲಿಕೆಗೆ ಬಳಸಿದ ರೀತಿ’. ಪಾಠ ಸುಗಮವಾಗಿ ನಡೆದರೆ ಆ ಸಾಲು ಖಾಲಿ ಇರಲಿ, ಯಾರಿಗೂ ನಷ್ಟವಾಗದಿರಲಿ. ಎರಡನೆಯದಾಗಿ, ಪ್ರತಿ ಶಿಕ್ಷಣ ಮಹಾವಿದ್ಯಾಲಯದ ವಿಜ್ಞಾನ ಪ್ರಯೋಗಶಾಲೆಯಲ್ಲಿ ಲೆಕ್ಕದಿಂದ ಕೈಬಿಟ್ಟ ಒಂದು ಹಳೆಯ ಕಂಪ್ಯೂಟರನ್ನು ಉಪಕರಣವೆಂದು ಉಳಿಸಿಕೊಳ್ಳೋಣ, ಪಕ್ಕದಲ್ಲಿ ಒಂದು ದಾಖಲೆ ಪುಸ್ತಕದೊಂದಿಗೆ. ಒಂದು ತಂಡ ಅಳೆದದ್ದನ್ನು ಮುಂದಿನ ವರ್ಷದ ತಂಡ ಮತ್ತೆ ಅಳೆದು ನೋಡಲಿ.

ಆ ಪ್ರಶಿಕ್ಷಣಾರ್ಥಿಯ ಅಂಕಗಳು ಆಗಲೇ ವಿಶ್ವವಿದ್ಯಾಲಯಕ್ಕೆ ಹೋಗಿಬಿಟ್ಟಿವೆ, ಬದಲಿಸಲು ಬರುವುದಿಲ್ಲ. ಪಾಠದ ನಂತರದ ಚರ್ಚೆಯಲ್ಲಿ ಆಕೆ ತನ್ನ ದಾಖಲೆ ಪುಸ್ತಕ ತೋರಿಸಿದ್ದಳು. ದಿನಾಂಕ, ಬಡಿತ, ವೇಗ, ತಾಪ, ಫಲಿತಾಂಶ ಎಲ್ಲಕ್ಕೂ ಕಲಂ ಹಾಕಿದ್ದಳು. ಅಂದಿನ ಪುಟದಲ್ಲಿ ‘280, ತಪ್ಪು’ ಎಂಬುದರ ಮುಂದೆ ಹೊಸದಾಗಿ ಇನ್ನೊಂದು ಕಲಂ ಎಳೆದು ‘ಕೋಣೆಯ ತಾಪ’ ಎಂದು ಬರೆದಿದ್ದಳು. ನಾನು ಅದನ್ನು ನೋಡಿದ್ದೆ. ಆದರೆ ಅಷ್ಟರಲ್ಲಿ ನಮೂನೆಗೆ ಸಹಿ ಹಾಕಿ ಆಗಿತ್ತು.